ಬೀಗ ಹಾಕಿದ ಸ್ಟೋರ್ಸಿನಿಂದ ಹೊರಟ ಮೇಲ್

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಕಂಪ್ಯೂಟರಿನ ಕೆಲಸದಲ್ಲಿ ಪ್ರತಿಯೊಂದಕ್ಕೂ ಕಾರಣ ಇದ್ದೇ ಇರುತ್ತದೆ, ಇವತ್ತು ಸಿಗದಿದ್ದರೆ ನಾಳೆ ಸಿಗುತ್ತದೆ ಎಂದು ನಂಬಿದ್ದೆ. ಇದೊಂದಕ್ಕೆ ಮಾತ್ರ ಇನ್ನೂ ಸಿಕ್ಕಿಲ್ಲ. ನೀವು ನಂಬಲೇಬೇಕೆಂಬ ಒತ್ತಾಯ ನನಗಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆಯ ಗುಟ್ಟು ಯಾರೋ ಮೇಲ್‌ನಲ್ಲಿ ಹೊರಗೆ ಕಳಿಸುತ್ತಿದ್ದಾರೆ ಎಂಬ ಅನುಮಾನ ಮೇಲಿನವರಿಗೆ. ನೆಟ್‌ವರ್ಕಿನ ಬಾಗಿಲು ಕಾಯುವ ಹೊಸ ಫೈರ್‌ವಾಲ್ ಯಂತ್ರ ತರಿಸಿ, ಹೊರಗೆ ಹೋಗುವುದನ್ನೆಲ್ಲ ಬಿಚ್ಚಿ ನೋಡುವ ಹಾಗೆ ಮಾಡಿ ಎಂದರು. ಬ್ರೌಸರಿನಲ್ಲಿ ಸಣ್ಣ ಬೀಗದ ಗುರುತು ಕಾಣುತ್ತದಲ್ಲ, ಅದಿದ್ದಾಗ ನೀವು ಬರೆದದ್ದು ಗುಪ್ತಲಿಪಿಯಲ್ಲಿ ಹೋಗುತ್ತದೆ. ಫೈರ್‌ವಾಲ್ ಆ ಲಕೋಟೆಯನ್ನು ದಾರಿಯಲ್ಲೇ ಒಡೆದು, ಓದಿ, ಮತ್ತೆ ಅಂಟಿಸಿ ಕಳಿಸುತ್ತದೆ. ಆದರೆ ಅದಕ್ಕೆ ಒಂದೊಂದು ಕಂಪ್ಯೂಟರನ್ನೂ ಪಟ್ಟಿಗೆ ಸೇರಿಸಿ, ಫೈರ್‌ವಾಲಿನದೇ ಒಂದು ಸರ್ಟಿಫಿಕೇಟ್, ಅಂದರೆ ಅದನ್ನು ನಂಬುವಂತೆ ಮಾಡುವ ಗುರುತಿನ ಫೈಲ್, ಹಾಕಬೇಕು. ಹಾಕದ ಕಂಪ್ಯೂಟರಿನ ಒಂದಕ್ಷರವೂ ಅದಕ್ಕೆ ಕಾಣದು.

ಜನರ ಕೆಲಸಕ್ಕೆ ತೊಂದರೆಯಾಗದಿರಲೆಂದು ಭಾನುವಾರ ಬೆಳಿಗ್ಗೆ ಒಬ್ಬನೇ ಕೂತು ಪರೀಕ್ಷೆ ಶುರುಮಾಡಿದೆ. ಪಟ್ಟಿಯಲ್ಲಿದ್ದದ್ದು ನನ್ನ ಕಂಪ್ಯೂಟರ್ ಒಂದೇ. ನಾನೇ ಒಂದು ಮೇಲ್ ಬರೆದು ಕಳಿಸಿದೆ, ಪರದೆ ಮೇಲೆ ಅದು ಬಿಚ್ಚಿಕೊಂಡು ಬಂತು. ಖುಷಿಯಾಯಿತು. ಅದರ ಕೆಳಗೇ ಇನ್ನೊಂದು ಸಾಲು ಬಂತು.

ಅದರ ಮುಂದಿದ್ದದ್ದು ಸ್ಟೋರ್ಸಿನ, ಅಂದರೆ ಕಾರ್ಖಾನೆಯ ಉಗ್ರಾಣದ, ಕಂಪ್ಯೂಟರಿನ ವಿಳಾಸ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ತಮ್ಮಾ, ಬೆಳಿಗ್ಗೆಯಿಂದ ಎದೆ ಹಿಂಡ್ತಾ ಅದೆ, ಎಡಗೈ ಸೆಳೀತದೆ. ಮನೇಲಿ ಹೇಳಿಲ್ಲ."

ಸ್ಟೋರ್ಸ್ ನೋಡಿಕೊಳ್ಳುತ್ತಿದ್ದದ್ದು ಮಹದೇವಸ್ವಾಮಿ. ದಿನಾ ತಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ, ನಲವತ್ತೈದರ ಆಸುಪಾಸಿನ ಗಟ್ಟಿ ಆಸಾಮಿ. ಅವರ ತಮ್ಮ ಪುಣೆಯಲ್ಲಿರುವುದು ನನಗೂ ಗೊತ್ತಿತ್ತು. ರಜೆ ದಿನ ಒಳಗೆ ಒಬ್ಬರೇ ಇದ್ದಾರೆಂದು ಓಡಿದೆ. ಸ್ಟೋರ್ಸಿಗೆ ಬೀಗ. ಗೇಟಿನ ವಾಚ್‌ಮನ್‌ನಿಂದ ಕೀಲಿ ತರಿಸಿ ತೆಗೆಸಿದೆ. ಒಳಗೆ ಯಾರೂ ಇರಲಿಲ್ಲ. ಕಂಪ್ಯೂಟರಿನ ಪ್ಲಗ್ ಗೋಡೆಯಿಂದ ಕಿತ್ತು ಕೆಳಗೆ ಬಿದ್ದಿತ್ತು, ನೆಟ್‌ವರ್ಕ್ ವೈರನ್ನೂ ತೆಗೆದಿದ್ದರು. ಸಿಡಿಲಿಗೆ ಹೆದರಿ ಶನಿವಾರ ಸಂಜೆ ಅವರು ಹಾಗೆ ಮಾಡುವುದು ರೂಢಿ. ಪೆಟ್ಟಿಗೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಮಹದೇವಸ್ವಾಮಿಯ ಮೊಬೈಲಿಗೆ ಫೋನ್ ಮಾಡಿದೆ. "ಏನ್ ಸಾ, ಭಾನ್ವಾರ? ಬನ್ನೂರ್ಗೆ ಒಂಟಿದ್ದೆ, ಗಾಡಿ ಸ್ಟಾರ್ಟ್ ಮಾಡ್ತಿದ್ದೆ" ಎಂದರು.

"ಮಹದೇವಸ್ವಾಮಿ, ಎಡಗೈ ನೋವಿದೆಯೇನ್ರಿ?"

ಆ ಕಡೆ ಬೈಕಿನ ಸದ್ದು ನಿಂತಿತು. "ಯಾರೇಳುದ್ರು ಸಾ ನಿಮ್ಗೆ? ನಾನು ಎಂಡ್ತಿಗೂ ಏಳಿಲ್ಲ."

"ತಮ್ಮನಿಗೆ ಮೇಲ್ ಬರೆದ್ರಾ?"

"ಬರೀಬೇಕು ಅಂತ ಬೆಳಿಗ್ಗೆಯಿಂದ ಮನ್ಸಲ್ಲೇ ಅಂದ್ಕತಿದ್ದೆ. ಬರ್ದಿಲ್ಲ ಸಾ. ಮನೇಲಿ ಕಂಪ್ಯೂಟ್ರು ಎಲ್ಲದೆ?"

ಇಳೀರಿ, ಇಳೀರಿ ಎಂದು ಕಿರುಚಿದೆ. ಅವರ ಹೆಂಡತಿಗೆ ಫೋನ್ ಕೊಡಿಸಿ, ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿಗೆ ಹೊರಡಿಸಿದೆ. ದಾರಿಯಲ್ಲೇ ಅವರಿಗೆ ಪ್ರಜ್ಞೆ ತಪ್ಪಿತಂತೆ. ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು.

ವಾಪಸ್ ಬಂದು ಪರದೆ ನೋಡಿದರೆ ಆ ಸಾಲು ಇರಲಿಲ್ಲ. ನನ್ನ ಪರೀಕ್ಷೆಯ ಮೇಲ್ ಒಂದೇ ಇತ್ತು. ಫೈರ್‌ವಾಲಿನ ದಾಖಲೆಯನ್ನು ಮೊದಲಿಂದ ಕಡೆಯವರೆಗೆ ಜಾಲಾಡಿದರೂ ಸಿಗಲಿಲ್ಲ. ಫೈರ್‌ವಾಲ್ ಕೊಟ್ಟ ಕಂಪನಿಯ ಎಂಜಿನಿಯರನ್ನು ಕೇಳಿದಾಗ, "ಪಟ್ಟಿಯಲ್ಲಿಲ್ಲದ್ದನ್ನ ಅದು ಬಿಚ್ಚಲ್ಲ ಸಾರ್, ನಿಮಗೆ ಭ್ರಮೆ" ಎಂದ. ಭ್ರಮೆಯಾದರೆ ಆ ಮಾತುಗಳು ನನಗೆ ಹೇಗೆ ಸಿಕ್ಕವು?

ನಾಲ್ಕನೇ ದಿನ ಆಸ್ಪತ್ರೆಗೆ ಹೋದೆ. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದು ಅತ್ತರು. ಪರದೆ ಮೇಲೆ ಓದಿದ್ದನ್ನು ನಾನು ಹೇಳಿದಾಗ ಮಹದೇವಸ್ವಾಮಿ ಮಾತ್ರ ನನ್ನನ್ನೇ ನೋಡುತ್ತ ಮಲಗಿದ್ದರು. ಹೆಂಡತಿಯನ್ನು ಕಾಫಿ ತರಲು ಕಳಿಸಿ, ತಗ್ಗಿದ ದನಿಯಲ್ಲಿ ಕೇಳಿದರು: "ಇನ್ನೇನೇನ್ ಓದುದ್ರಿ ಸಾ?"

ಏನೂ ಇಲ್ಲ ಎಂದೆ. ಅದು ನಿಜ. ಅವರು ನಂಬಲಿಲ್ಲ. ಮುಂದೆ ಎರಡು ವರ್ಷ ಜೊತೆಗೆ ಕೆಲಸ ಮಾಡಿದೆವು, ನನ್ನೆದುರು ಅವರು ಮೊದಲಿನಂತೆ ನಿರಾಳವಾಗಿ ಕೂರಲೇ ಇಲ್ಲ. ನಾನು ಬಂದರೆ ಮುಖ ತಿರುಗಿಸಿ ಬೇರೇನನ್ನೋ ಯೋಚಿಸಲು ಪ್ರಯತ್ನಿಸುತ್ತಿದ್ದರು. ಅವರನ್ನು ದೂರಲಾರೆ. ಅವತ್ತು ನಾನು ಓದಿದ್ದು ಎಲ್ಲಿಂದ ಎಂದು ನನಗೇ ಗೊತ್ತಿಲ್ಲದಿರುವಾಗ, ಹೆದರಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ?