ಇಂಪಿ ತೋರಿಸಿದ ಜಾಗ

ಇಂಪಿ ಕೊಸ್ಕೆಲಾಳಿಗೆ ಅರವತ್ತಾರು. ಮಿಷಿಗನ್ನಿನ ಬಡಗಣ ತುದಿಯ ಕಾಡುದಾರಿಗಳಲ್ಲಿ ಮೂವತ್ತು ವರ್ಷ ಟಪಾಲು ಹಂಚಿದವಳು. ಯಾವ ತಿರುವಿನಲ್ಲಿ ಯಾವ ಹೆಣ್ಣು ಜಿಂಕೆಗಳು ಮೇಯುತ್ತವೆ ಎಂಬುದು ಅವಳಿಗೆ ಬಾಯಿಪಾಠ. ಹರಿದ ಕಿವಿಯ ಮುದಿ ಜಿಂಕೆ, ಅದರ ಎರಡು ಹೆಣ್ಣುಮಕ್ಕಳು, ಮೊಮ್ಮಕ್ಕಳು. ಆ ಸಂಸಾರದ ಪರಿಚಯವೇ ಏಳು ವರ್ಷದ್ದು.

ನವೆಂಬರಿನ ಬೆದೆಗಾಲ ಬಂತೆಂದರೆ ಊರಿನ ಗಂಡಸರು ಕೋವಿ ಹೊತ್ತು ಹೊರಡುತ್ತಾರೆ. ಬಲಿತ ಗಂಡು ಕೊಂಬು ಉಜ್ಜಿ ತೊಗಟೆ ಕಿತ್ತ ಮರವೊಂದನ್ನು ಹುಡುಕಿ ಅದರೆದುರು ಕೂರುತ್ತಾರೆ. ಗಂಡು ಕತ್ತಲಲ್ಲೇ ಬಂದು ಹೋಗಿರುತ್ತದೆ. ಇವರು ಹಗಲೆಲ್ಲ ಮರ ಕಾಯುತ್ತಾರೆ. ಮದುವೆ ಮುಗಿದ ಮೇಲೆ ಚಪ್ಪರ ಕಾಯುವ ಬುದ್ಧಿವಂತರು.

ಈ ಬುದ್ಧಿವಂತರಲ್ಲಿ ಮೊದಲಿಗ ಇಂಪಿಯ ಅಣ್ಣ ಅರ್ವೋ. ಬೇಟೆಮನೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಪ್ರತಿವರ್ಷ ಹೇಳುವವನು ಅವನೇ. ಇಂಪಿಗೂ ಕೋವಿ ಹಿಡಿಯಲು ಬರುತ್ತಿತ್ತು, ಆದರೆ ಅವಳ ಮಾತು ಒಲೆ ದಾಟಿ ಆಚೆ ಹೋಗುತ್ತಿರಲಿಲ್ಲ. ಅದು ಅವಳನ್ನು ಒಳಗೊಳಗೇ ಸುಡುತ್ತಿತ್ತು.

ಆ ವರ್ಷ ಅರ್ವೋನ ಮಂಡಿ ಕೈಕೊಟ್ಟಿತು. ಅವನ ಮರಗಳಿದ್ದ ಗುಡ್ಡ ಹತ್ತುವ ಹಾಗಿರಲಿಲ್ಲ. ಎಪ್ಪತ್ತಮೂರು ವಯಸ್ಸಾದರೂ ಒಂದೂ ಬಲಿತ ಗಂಡನ್ನು ಹೊಡೆಯದವನು.

"ದೇವದಾರು ಜೌಗಿನ ಅಂಚಲ್ಲಿ ಕೂರೋಣ ಬಾ ಅಣ್ಣ. ಹೆಣ್ಣುಗಳು ಅಲ್ಲೇ ಮಲಗ್ತವೆ" ಎಂದಳು ಇಂಪಿ.

"ಈ ವಯಸ್ಸಲ್ಲಿ ಹೆಣ್ಣುಗಳ ಹಿಂದೆ ಬೀಳು ಅಂತೀಯಲ್ಲೇ?"

"ನೀನಲ್ಲ, ಆ ಕೊಂಬಿನವನು ಬೀಳ್ತಾನೆ. ನೀನು ಸುಮ್ನೆ ಕೂತಿರು."

ಅಣ್ಣನ ಮಕ್ಕಳು ನಕ್ಕರು. ಬೇರೆ ದಾರಿಯಿಲ್ಲದೆ ಅರ್ವೋ ಹೊರಟ. ಹೆಣ್ಣುಗಳ ಕಡೆಯಿಂದ ಗಾಳಿ ತಮ್ಮತ್ತ ಬೀಸುವಂತೆ ನೋಡಿ ಇಂಪಿ ಅವನನ್ನು ಕೂರಿಸಿದಳು. ತಮ್ಮ ವಾಸನೆ ಜಿಂಕೆಗಳ ಮೂಗಿಗೆ ತಾಗಬಾರದು.

ಬೆಳಕು ಹರಿದಾಗ ಹರಿದ ಕಿವಿಯ ಸಂಸಾರ ಜೌಗಿನಿಂದ ಹೊರಬಂತು. ಹಿಂದೆಯೇ ಒಂದು ಎಳೆಯ ಗಂಡು ಕುಣಿಯುತ್ತಾ ಬಂತು. ಅರ್ವೋ ಕೋವಿ ಎತ್ತಿದ.

"ಬೇಡ" ಎಂದು ಇಂಪಿ ಪಿಸುಗುಟ್ಟಿದಳು. "ಇದು ಚಿಲ್ಟಾರಿ. ಯಜಮಾನ ಹಿಂದಿದ್ದಾನೆ."

"ನಿಂಗೆ ಕಾಣಿಸ್ತಾ?"

"ಇಲ್ಲ. ಕೊನೇ ಹೆಣ್ಣು ನೋಡು. ಈ ಹುಡುಗನ ಕಡೆ ತಿರುಗಿಯೂ ನೋಡ್ತಿಲ್ಲ. ಮತ್ತೆ ಮತ್ತೆ ಜೌಗಿನ ಕಡೆಗೇ ಕತ್ತು ಹೊರಳಿಸ್ತಿದೆ."

ಕೈಗೆ ಬಂದ ತುತ್ತು ಎದುರಿಗಿತ್ತು. ಬಿಟ್ಟರೆ ಅರ್ವೋಗೆ ಇನ್ನೊಂದು ಸಿಗುತ್ತದೆಂಬ ಖಾತ್ರಿಯಿಲ್ಲ. ತನ್ನ ಮಾತು ಸುಳ್ಳಾದರೆ ಇಂಪಿ ಮುಂದೆಂದೂ ಬೇಟೆಯ ವಿಷಯದಲ್ಲಿ ಬಾಯಿ ತೆರೆಯುವಂತಿಲ್ಲ. ಅವನು ತಂಗಿಯ ಮುಖ ನೋಡಿದ. ನಿಧಾನವಾಗಿ ಕೋವಿ ಇಳಿಸಿದ.

ಎಳೆಯ ಗಂಡು ಹೊರಟುಹೋಯಿತು. ಹೆಣ್ಣುಗಳು ಅಲ್ಲೇ ಮೇಯುತ್ತಿದ್ದವು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆಯಾಯಿತು. ಅರ್ವೋನ ಹಲ್ಲು ಕಟಕಟ ಅನ್ನುತ್ತಿತ್ತು. ಆಗ ದೇವದಾರುಗಳ ನಡುವಿನಿಂದ ಯಜಮಾನ ಬಂದ. ಮೂಗು ನೆಲಕ್ಕೆ, ಕತ್ತು ಊದಿಕೊಂಡಿತ್ತು, ಕೊಂಬಿಗೆ ಹತ್ತು ಕವಲು. ಆ ಕೊನೆಯ ಹೆಣ್ಣಿನ ಹಿಂದೆ ಬಂದು ನಿಂತ.

ಒಂದೇ ಗುಂಡು ಸಾಕಾಯಿತು.

ಮಧ್ಯಾಹ್ನ ಪೇಟೆಯ ಚೌಕದಲ್ಲಿ, ಎಲ್ಲರ ಬೇಟೆಯನ್ನೂ ತೂಗುಹಾಕುವ ಮರದ ದೂಲದಡಿ, ಜನ ಅರ್ವೋನನ್ನು ಮುತ್ತಿಕೊಂಡರು. ಹೊಡೆದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವವನು ಸೀಮೆಸುಣ್ಣ ಹಿಡಿದು ಕೇಳಿದ: "ನಿಮ್ಮ ಹೆಸರು ತಾನೆ?"

"ನಾನು ಬರೀ ಬೆರಳು ಆಡಿಸಿದ್ದು" ಎಂದ ಅರ್ವೋ, ಎಲ್ಲರಿಗೂ ಕೇಳುವಂತೆ. "ಕಣ್ಣು ಇವಳದು. ನಲವತ್ತು ವರ್ಷ ನಾನು ಮರ ಕಾಯ್ದೆ, ಇವಳು ಜಿಂಕೆ ನೋಡಿದಳು. ಇಂಪಿ ಅಂತ ಬರಿ."

ಇಂಪಿಯ ಎದೆ ತುಂಬಿ ಬಂತು. ಅದನ್ನು ಅಡಗಿಸಲು ಅವಳು ಹೋಗಲೂ ಇಲ್ಲ.

"ಗುಂಡು ನಿನ್ನದು, ಹೆಸರೂ ನಿನ್ನದೇ ಇರ್ಲಿ ಅಣ್ಣ" ಎಂದಳು. "ಆದ್ರೆ ನಾಳೆಯಿಂದ ಯಾರು ಎಲ್ಲಿ ಕೂರಬೇಕು ಅಂತ ನಾನು ಹೇಳ್ತೀನಿ."

ಅರ್ವೋ ಮಕ್ಕಳ ಕಡೆ ತಿರುಗಿದ.

"ಕೇಳಿಸ್ತೇನ್ರೋ? ಟೋಪಿ ತೆಗೀರಿ, ಅತ್ತೆ ಹೇಳ್ತಾಳೆ."