ಪದರಲ್ಲವ್ವಾ, ಸೀಳು

ನೆಲಕ್ಕ ಹಾಸೂ ಪರಸಿಕಲ್ಲು ಬಿಸಿಲಿಗೆ ಕಾದಾಗ ಅದರ ಮ್ಯಾಲ ನೀರು ಬಿದ್ರ ಒಂದು ವಾಸನಿ ಬರತೈತಿ. ಸ್ವಲ್ಪ ಸುಣ್ಣದ್ದು, ಸ್ವಲ್ಪ ಹೊಸ ಗಡಗಿದ್ದು. ಮೊನ್ನೆ ತಾಳಿಕೋಟಿ ಹತ್ತರ ಡೋಣಿ ಹೊಳಿ ದಂಡಿಗೆ ಕಾಲೇಜಿನ ಹುಡುಗೂರನ್ನ ಕಲ್ಲು ತೋರಸಾಕ ಕರಕೊಂಡು ಹೋಗಿದ್ದೆ. ಒಬ್ಬಾಕಿ ಕೈಯಾಗಿನ ಬಾಟ್ಲಿ ಜಾರಿ ಕಲ್ಲಿನ ಮ್ಯಾಲ ನೀರು ಚೆಲ್ಲಿತು. ಆ ವಾಸನಿ ಮೂಗಿಗೆ ಬಡದದ್ದೇ ತಡ, ಕಾಕಾ ನೆನಪಾದ್ರು... ನಾಚಿಕಿಲೆ ಮುಖ ಎತ್ತಾಕ ಆಗಲಿಲ್ಲ.

ಕಾಕಾ ನಮ್ಮ ಓಣಿಯವರು. ಎರಡೂ ಮನಿಗೆ ನಡುವ ಒಂದೇ ಗ್ವಾಡಿ. ನಮ್ಮ ಹೋಳಿಗಿ ಆ ಕಡೆ ಹೋಗತಿತ್ತು, ಅವರ ರಂಜಾನ್ ಸುರಕುಂಬಾ ಈ ಕಡೆ ಬರತಿತ್ತು. ಪರಸಿ ಖಣಿಯೊಳಗ ಕಲ್ಲು ಎಬ್ಬಸೂದು ಅವರ ಕೆಲಸ. ಸಾಲಿ ಸೂಟಿ ಇದ್ದಾಗ ನಾನೂ ಅವರ ಸೈಕಲ್ ಹತ್ತಿ ಹೋಗತಿದ್ದೆ.

ಸುತ್ತಿಗಿಗಿಂತ ಮೊದಲ ಕಾಕಾ ತಂಬಿಗಿ ಹಿಡೀತಿದ್ರು. ಕಲ್ಲಿಗೆ ನೀರು ಹಾಕಿ, ಆರೂತನಕ ಬಗ್ಗಿ ನೋಡತಿದ್ರು. ಒಣ ಕಲ್ಲಿನಾಗ ಕಾಣದ ಗೆರಿ ಹಸಿ ಕಲ್ಲಿನಾಗ ಕಾಣತಾವ. ಬೂದಿ ಬಣ್ಣದ್ದೊಂದು, ನೀಲಿದೊಂದು. "ಇವು ಪದರ ನೋಡವ್ವಾ. ನೀರಾಗ ರಾಡಿ ಕುಂತಂಗ ಒಂದರ ಮ್ಯಾಲೊಂದು ಕುಂತಾವ. ಅಡ್ಡ ಹೋದದ್ದು ಸೀಳು. ಸೀಳು ನೋಡಿ ಪದರ ಅಂದೀ, ಕೆಟ್ಟೀ" ಅಂತಿದ್ರು. ನಾ ಭೂವಿಜ್ಞಾನ ಕಲಿತದ್ದು ಆ ತಂಬಿಗಿಯಿಂದ. ಧಾರವಾಡಕ್ಕ ಹೋಗಿ ಡಿಗ್ರಿ ತಂದದ್ದು ಆಮ್ಯಾಲಿನ ಮಾತು.

ಡಿಗ್ರಿ ಬಂತು, ನೌಕರಿ ಬಂತು, ಸೊಕ್ಕೂ ಬಂತು.

ನೌಕರಿಯ ಮೊದಲ ವರ್ಷ ಹುಡುಗೂರನ್ನ ಇದೇ ದಂಡಿಗೆ ಕರಕೊಂಡು ಬಂದಿದ್ದೆ. ಇಲ್ಲಿ ಪದರ ನೆಟ್ಟಗ ಮಲಗಿಲ್ಲ, ಒಂದು ಮಗ್ಗಲಕ್ಕ ವಾಲ್ಯಾವ. ಯಾವ ದಿಕ್ಕಿಗೆ ಅಂತ ಅಳಿಯೂದು ಅವತ್ತಿನ ಪಾಠ. ನಾ ಒಂದು ನುಣುಪು ಮೈ ಆರಿಸಿ, ಅದರ ಮ್ಯಾಲ ದಿಕ್ಸೂಚಿ ಇಟ್ಟು, "ಹೊಳಿ ಕಡೆ ವಾಲ್ಯಾವ, ಬರಕೋರಿ" ಅಂದೆ.

ಕಾಕಾ ಅದೇ ದಾರಿಗುಂಟ ಖಣಿಗೆ ಹೊಂಟಿದ್ರು. ನನ್ನ ನೋಡಿ ಖುಷಿಯಿಂದ ಸೈಕಲ್ ಒರಗಿಸಿ ಬಂದ್ರು. ಕಲ್ಲು ನೋಡಿದ್ರು. ಮೆಲ್ಲಕ, ನನಗಷ್ಟ ಕೇಳೂವಂಗ ಅಂದ್ರು: "ಅದು ಪದರಲ್ಲವ್ವಾ, ಸೀಳು. ಸ್ವಲ್ಪ ನೀರು ಹಾಕಿ ನೋಡು."

ಅವರು ಅಂದದ್ದು ಯಾರಿಗೂ ಕೇಳಿರಲಿಲ್ಲ. ಎಲ್ಲಾರಿಗೂ ಕೇಳೂವಂಗ ಒದರಿದಾಕಿ ನಾನು.

"ಕಾಕಾ, ನೀವು ಕಲ್ಲು ಒಡಿಯವ್ರು. ಓದವ್ರು ನಾವು. ಸುಮ್ಮ ಇರ್ರಿ."

ಹುಡುಗೂರು ಕಿಸಕ್ಕನ ನಕ್ರು. ಕಾಕಾ ತಲಿ ಮ್ಯಾಲಿನ ಟೊಪ್ಪಿಗಿ ಸರಿ ಮಾಡಿಕೊಂಡು, "ಹೌದ್ರಿ ಮೇಡಮ್ಮಾರ, ತಪ್ಪಾತ್ರಿ" ಅಂದ್ರು. ಸೈಕಲ್ ತಗೊಂಡು ಹೋದ್ರು.

ರಿ! ಹುಟ್ಟಿದಾಗಿಂದ ನನಗ ‘ನೀ’ ಅಂದ ಬಾಯಿ ಅದು. ಸಣ್ಣಾಕಿದ್ದಾಗ ನನ್ನ ಮೂಗು ತಮ್ಮ ಲುಂಗಿ ಚುಂಗಿಲೆ ಒರಸಿದವರು. ಮಂದಿಗೆ ‘ರಿ’ ಅಂದ್ರ ಮರ್ಯಾದಿ. ಮನಿ ಮಗಳಿಗೆ ‘ರಿ’ ಅಂದ್ರ ಬಾಗಲಾ ಮುಚ್ಚಿದಂಗ. ಅದರಕಿಂತ ಕಪಾಳಕ್ಕ ಎರಡು ಕೊಟ್ಟಿದ್ರ ಚಲೋ ಇತ್ತು.

ಹುಡುಗೂರು ಬುತ್ತಿ ಬಿಚ್ಚಿ ಕುಂತಾಗ, ಯಾರೂ ನೋಡದಂಗ ಹೋಗಿ ಆ ಕಲ್ಲಿಗೆ ನೀರು ಹಾಕಿದೆ. ಗೆರಿ ಎದ್ದು ಕಂಡ್ವು... ಹೊಳಿಗೆ ಬೆನ್ನು ಮಾಡಿ ವಾಲಿದ್ವು. ಮರುದಿನ ಕ್ಲಾಸಿನಾಗ ಉತ್ತರ ತಿದ್ದಿಸಿದೆ. "ನಾನ ಮತ್ತೊಮ್ಮೆ ಪರೀಕ್ಷಾ ಮಾಡಿದೆ" ಅಂದೆ. ಕಾಕಾನ ಹೆಸರು ಎತ್ತಲಿಲ್ಲ. ಎಂಥಾ ಹಲ್ಕಟ್ ಬುದ್ಧಿ ನೋಡ್ರಿ ನಂದು!

ಊರಿಗೆ ಹೋದಾಗೆಲ್ಲ ತಪ್ಪು ಒಪ್ಪಿಕೊಳ್ಳೂಣ ಅಂತ ಅವರ ಮನಿಗೆ ಹೋಗತಿದ್ದೆ. "ಬರ್ರಿ ಮೇಡಮ್ಮಾರ, ಚಾ ಕುಡೀರಿ" ಅಂತಿದ್ರು. ಆ ‘ರಿ’ ಕೇಳಿದ ಮ್ಯಾಲ ಬರೇ ಚಾ ಕುಡದು ಎದ್ದು ಬರತಿದ್ದೆ. ಮುಂದಿನ ಸಲ ಹೇಳಿದ್ರಾತು ಅಂತ... ಒಂದು ಸಲ ಹೋದಾಗ, ಅವರನ್ನ ಮಣ್ಣು ಮಾಡಿ ಆಗಲೇ ಎಂಟು ದಿನ ಆಗಿತ್ತು.

ಮೊನ್ನೆ ನೀರು ಚೆಲ್ಲಿದಾಕಿ ಗಾಬರಿಯಾಗಿ ಕಲ್ಲು ಒರಸಾಕ ಹೋದ್ಲು. "ಒರಸಬ್ಯಾಡ, ಬಗ್ಗಿ ನೋಡು" ಅಂದೆ. ನೋಡಿದ್ಲು.

"ಗೆರಿ ಎಷ್ಟ ಚಂದ ಕಾಣತಾವ್ರಿ ಮೇಡಮ್! ಈ ಯುಕ್ತಿ ಯಾವ ಪುಸ್ತಕದಾಗ ಐತ್ರಿ?"

ಇಷ್ಟು ವರ್ಷ ಹಿಂಗ ಕೇಳಿದವರಿಗೆ ನಕ್ಕು ಸುಮ್ಮನಾಗತಿದ್ದೆ, ನಂದ ಅಂತ ತಿಳಕೊಳ್ಳಲಿ ಅಂತ. ಮೊನ್ನೆ ಸುಮ್ಮನಿರಾಕ ಆಗಲಿಲ್ಲ. ನಮ್ಮ ಓಣ್ಯಾಗ ಕಲ್ಲು ಓದವ್ರೊಬ್ಬರು ಇದ್ರು ಅಂದೆ. ಅವರ ಹೆಸರು ಹೇಳಿದೆ. ಇದೇ ಜಾಗದಾಗ ನಾ ಅವರಿಗೆ ಏನಂದಿದ್ದೆ ಅನ್ನೂದನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಆ ಹುಡುಗಿ ಪೆನ್ ತಗದು, "ಹೆಸರು ಮತ್ತೊಮ್ಮೆ ಹೇಳ್ರಿ, ಬರಕೋತೇನಿ" ಅಂದ್ಲು.

ಹೇಳಿದೆ. ಅಷ್ಟರಾಗ ಕಲ್ಲು ಆರಿ ಗೆರಿ ಮುಚ್ಚಿಹೋಗಿದ್ವು. ಆ ‘ರಿ’ ಬಿಟ್ಟು ನನ್ನ ಮತ್ತ ‘ಅವ್ವಾ’ ಅನ್ನಾಕ ಮಾತ್ರ ಕಾಕಾ ಇಲ್ಲ.