ಅಚ್ಚಿಗೆ ಹೋಗದ ಸಂಗೀತ ಪತ್ರಿಕೆ

೧೯೪೬ರಲ್ಲಿ ನಾನು ದೇವನಹಳ್ಳಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಸಂಗೀತದ ಉಪಾಧ್ಯಾಯಿನಿಯಾಗಿದ್ದೆ. ಯುದ್ಧ ಮುಗಿದಿತ್ತು, ಆದರೆ ಸೀಮೆಎಣ್ಣೆ, ಬಟ್ಟೆ, ಕಾಗದ ಎಲ್ಲಕ್ಕೂ ಕಂಟ್ರೋಲ್ ಹಾಗೆಯೇ ಉಳಿದಿತ್ತು. ಸಂಗೀತದ ಉಪಾಧ್ಯಾಯಿನಿ ಎಂದರೆ ಸಂಗೀತವನ್ನಷ್ಟೇ ಕಲಿಸುವವಳು ಎಂದು ಯಾರೂ ತಿಳಿಯಬಾರದು. ಹೊಲಿಗೆ ನನ್ನದು, ಬೆಳಗಿನ ಪ್ರಾರ್ಥನೆ ನನ್ನದು, ಯಾರಾದರೂ ದೊಡ್ಡ ಮನುಷ್ಯರು ಬಂದರೆ ಸ್ವಾಗತಗೀತೆಯೂ ನನ್ನದೇ. ಆಗ ನನಗೆ ಮೂವತ್ತು ದಾಟಿತ್ತಷ್ಟೆ, ಸುಸ್ತು ಮಾತ್ರ ಅರವತ್ತರದು.

ನಮ್ಮ ಮಕ್ಕಳು ತಿಂಗಳಿಗೊಂದು ಕೈಬರಹದ ಪತ್ರಿಕೆ ಮಾಡುತ್ತಿದ್ದರು. ಒಂದೇ ಒಂದು ಪ್ರತಿ. ಅದರಲ್ಲಿ ಆ ತಿಂಗಳು ಕಲಿತ ಹಾಡುಗಳು ಸ್ವರಲಿಪಿಯ ಸಮೇತ ಇರುತ್ತಿದ್ದವು. ಸ್ವರಲಿಪಿ ಎಂದರೆ ಹಾಡಿನ ಸಾಲಿನ ಮೇಲೆ ಸ ರಿ ಗ ಮ ಬರೆಯುವುದು. ಮೇಲಿನ ಸ್ಥಾಯಿಯಾದರೆ ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ, ಕೆಳಗಿನ ಸ್ಥಾಯಿಯಾದರೆ ಕಾಲಿನ ಹತ್ತಿರ ಒಂದು ಚುಕ್ಕಿ. ಇದನ್ನೆಲ್ಲ ಅಂದವಾಗಿ ಬರೆಯುತ್ತಿದ್ದವಳು ಆವತಿಯಿಂದ ನಡೆದು ಬರುತ್ತಿದ್ದ ಮುನಿಲಕ್ಷ್ಮಿ ಎಂಬ ಹುಡುಗಿ. ರೈತರ ಮನೆಯವಳು, ಹದಿಮೂರು ತುಂಬಿತ್ತು. ಕಂಠವೂ ಚೆನ್ನಾಗಿತ್ತು, ಕಿವಿ ಅದಕ್ಕಿಂತ ಚೆನ್ನಾಗಿತ್ತು. ನಾನು ತಪ್ಪು ಹಾಡಿದರೆ ತಲೆ ಬಗ್ಗಿಸಿಕೊಂಡು ಬೆರಳಿನಿಂದ ಬೆಂಚಿನ ಮೇಲೆ ತಾಳ ತಟ್ಟಿ ತೋರಿಸುತ್ತಿದ್ದಳು. ಆ ಹುಡುಗಿಯ ಮೇಲೆ ನನಗೆ ಬಹಳ ಅಕ್ಕರೆ.

ತನಿಖೆಗೆ ಬಂದ ಇನ್‌ಸ್ಪೆಕ್ಟ್ರೆಸ್ ಆ ಪತ್ರಿಕೆಯನ್ನು ನೋಡಿ, ಇದನ್ನು ಅಚ್ಚು ಹಾಕಿಸಿದರೆ ಸುತ್ತಲಿನ ತಾಲ್ಲೂಕುಗಳ ಎಲ್ಲ ಹೆಣ್ಣುಮಕ್ಕಳ ಶಾಲೆಗಳಿಗೂ ಉಪಯೋಗವಾಗುತ್ತದೆ ಎಂದರು. ಯಾರು ಪ್ರಕಟಿಸುತ್ತಾರೆ, ಯಾರು ಕೊಂಡು ಓದುತ್ತಾರೆ ಎಂದು ಮೊದಲು ವಿಚಾರಿಸಿ ವರದಿ ಕಳಿಸಿ ಎಂದು ಹೇಳಿ ಹೋದರು. ನಮ್ಮ ಹೆಡ್‌ಮಿಸ್ಟ್ರೆಸ್ ಪದ್ಮಾವತಮ್ಮನವರು ನನ್ನ ಕಡೆ ನೋಡಿದರು. ನನ್ನ ಬೇಸಿಗೆ ರಜ ಅಲ್ಲಿಗೆ ಮುಗಿಯಿತು.

ಆದರೂ ಒಳಗೊಳಗೆ ನನಗೆ ಆಸೆಯಾಯಿತು. ಗುರುಗಳ ಎದುರು ಕುಳಿತು, ಅವರಿಗೆ ಮನಸ್ಸು ಬಂದಷ್ಟು ಕಲಿತವಳು ನಾನು. ಯಾವುದೋ ಹಳ್ಳಿಯ ಹುಡುಗಿ ಯಾರ ಹಂಗೂ ಇಲ್ಲದೆ, ಪತ್ರಿಕೆ ತೆರೆದಿಟ್ಟುಕೊಂಡು ಹಾಡು ಕಲಿಯುವಂತಾದರೆ ಎಷ್ಟು ಚೆನ್ನ ಎಂದುಕೊಂಡೆ. ಮೊದಲ ಪುಟದಲ್ಲಿ ನನ್ನ ಹೆಸರು ಇರುತ್ತದೆ ಎಂಬುದೂ ಮನಸ್ಸಿನಲ್ಲಿತ್ತು, ಇರಲಿಲ್ಲ ಎಂದು ಏಕೆ ಹೇಳಲಿ.

ಮೊದಲು ಪ್ರಕಾಶಕರು. ರೈಲು ಸಿಕ್ಕಿದ ದಿನ ರೈಲು, ಇಲ್ಲದ ದಿನ ಪೆಟ್ರೋಲಿನ ಬದಲು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಏರು ಬಂದಲ್ಲೆಲ್ಲ ಅದು ನಿಲ್ಲುತ್ತಿತ್ತು, ನಾವು ಇಳಿಯುತ್ತಿದ್ದೆವು. ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಪಠ್ಯಪುಸ್ತಕದವರೊಬ್ಬರು ಕಾಗದವೇ ಇಲ್ಲ ಎಂದರು. ನಾಟಕದ ಪದಗಳ ಪುಸ್ತಕ ಮಾರುವವರೊಬ್ಬರು ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿ, ಹೆಂಗಸರ ಜೊತೆ ವ್ಯವಹಾರ ಮಾಡುವುದಿಲ್ಲ ಎಂದರು. ಕೊನೆಗೆ ಪಂಚಾಂಗ ಮತ್ತು ಹಾಡಿನ ಪುಸ್ತಕ ಅಚ್ಚು ಹಾಕುತ್ತಿದ್ದ ಒಬ್ಬ ಶೆಟ್ಟರು ಕುರ್ಚಿ ಕೊಟ್ಟು, ನೀರು ಕೊಟ್ಟು, ನಮ್ಮ ಕೈಬರಹದ ಪ್ರತಿಯನ್ನು ತಿರುವಿ ನೋಡಿದರು. ಚೆನ್ನಾಗಿದೆ, ಆದರೆ ಒಂದು ವರ್ಷ ಓದಿದವರು ಮರುವರ್ಷವೂ ಓದುತ್ತಾರಾ, ಅದನ್ನು ಕೇಳಿಕೊಂಡು ಬನ್ನಿ ಎಂದರು. ಸರಿಯಾದ ಪ್ರಶ್ನೆಯೇ. ಹಿಂತಿರುಗಿ ಬರುವಾಗ ಬಸ್ಸಿನ ಹೊಗೆಯಲ್ಲಿ ಕೆಮ್ಮುತ್ತ ಅದನ್ನೇ ಯೋಚಿಸಿದೆ.

ಆಮೇಲೆ ಮನೆ ಮನೆ ತಿರುಗಿದೆ. ದೇವನಹಳ್ಳಿ ಕೋಟೆಯ ಒಳಗೆ, ನಮ್ಮ ತಾಲ್ಲೂಕಿನದೇ ಆದ ವಿಜಯಪುರದಲ್ಲಿ, ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ. ಎಲ್ಲ ಕಡೆಯೂ ಕಾಫಿ ಕೊಟ್ಟರು, ಎಲ್ಲ ಕಡೆಯೂ ಒಂದೇ ಉತ್ತರ ಕೊಟ್ಟರು. ಆ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಕೈಲಿ ಒಂದು ಹಾಡು ಹೇಳಿಸುತ್ತಿದ್ದರು. ತಿಂಡಿ ತಟ್ಟೆ ಹೇಗೋ ಆ ಹಾಡೂ ಹಾಗೆ. ಅನುಕೂಲಸ್ಥ ರೈತರ ಮನೆಗಳಿಗೂ ಆ ಪದ್ಧತಿ ಆಗತಾನೆ ಬರುತ್ತಿತ್ತು. ಮಗಳಿಗೆ ಒಂದು ಹಾಡು ಗಟ್ಟಿಯಾಗಿ ಬಂದರೆ ಸಾಕು, ಅದಕ್ಕೆ ಬೇಕಾದರೆ ಪತ್ರಿಕೆ ತರಿಸುತ್ತೇವೆ ಎಂದು ತಾಯಂದಿರು ಹೇಳಿದರು. ಮದುವೆಯಾದ ಮೇಲೆ ಎಂದು ಕೇಳಿದರೆ ನಕ್ಕುಬಿಡುತ್ತಿದ್ದರು. ವಿಜಯಪುರದ ಒಂದು ಮನೆಯಲ್ಲಿ ಒಳ್ಳೆಯ ಹಾರ್ಮೋನಿಯಂ ಇತ್ತು. ಅದರ ಮೇಲೆ ಹಪ್ಪಳ ಒಣಗಿಸಿದ್ದರು. ಸೊಸೆ ಚೆನ್ನಾಗಿ ನುಡಿಸುತ್ತಾಳೆ ಎಂದು ಅತ್ತೆಯೇ ಹೊಗಳಿದರು. ಕಡೆಯ ಸಲ ನುಡಿಸಿದ್ದು ಯಾವಾಗ ಎಂದು ಕೇಳಿದೆ. ಸೊಸೆ ಅತ್ತೆಯ ಮುಖ ನೋಡಿದಳು, ಅತ್ತೆ ಹಪ್ಪಳದ ಕಡೆ ನೋಡಿದರು.

ಆವತಿಗೆ ಹೋದದ್ದು ಕಡೆಯಲ್ಲಿ, ಮುನಿಲಕ್ಷ್ಮಿಯ ಮನೆಗೆ. ಅವಳ ತಂದೆ ಮುನಿಶಾಮಪ್ಪ ಕಡಿಮೆ ಮಾತಿನ ಮನುಷ್ಯ, ಹಳ್ಳಿಯಲ್ಲಿ ಅವರ ಮಾತಿಗೆ ಬೆಲೆಯಿತ್ತು. ನಾನು ಹೋದಾಗ ಜಗಲಿಯ ತುಂಬ ಜನ. ಹತ್ತಿರದ ಚನ್ನರಾಯಪಟ್ಟಣ ಎಂಬ ಊರಿನಿಂದ ಅವರ ಅಕ್ಕ ಬಂದು, ತನ್ನ ಮಗನಿಗೆ ಮುನಿಲಕ್ಷ್ಮಿಯನ್ನು ಕೇಳುತ್ತಿದ್ದರು. ತಮ್ಮನ ಮಗಳನ್ನು ಸೊಸೆಯಾಗಿ ಕೇಳುವುದು ಅಕ್ಕನ ಹಕ್ಕು, ಇಲ್ಲ ಎಂದರೆ ಜನ್ಮವಿಡೀ ಮಾತು ಬಿಡುವಷ್ಟು ದೊಡ್ಡ ವಿಷಯ. ನನ್ನನ್ನು ಕಂಡು ಮುನಿಶಾಮಪ್ಪ ಎದ್ದು ನಿಂತರು, ಅಕ್ಕನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಾನೆಲ್ಲಿ ಇಲ್ಲ ಅಂದೆ ಅಕ್ಕಯ್ಯ? ಈ ಅಮ್ಮಾವ್ರು ನಮ್ ಹುಡುಗಿ ಕೈಲಿ ಪುಸ್ತಕ ಮಾಡಿಸ್ತಾವ್ರೆ. ಅವಳ ಹೆಸರು ಅಚ್ಚಾಗಿ ಬರ್ಲಿ. ಬಂದ್ ತಿಂಗಳಲ್ಲೇ ಲಗ್ನ ಇಟ್ಕೊಳಾನ."

ಅಕ್ಕನಿಗೂ ಹೆಮ್ಮೆಯಾಯಿತು, ಒಪ್ಪಿಕೊಂಡರು. ತಂದೆಗೆ ಮಗಳ ಮೇಲೆ ಎಂಥ ಅಭಿಮಾನ ಎಂದು ನಾನೂ ಸಂತೋಷಪಟ್ಟುಕೊಂಡು ಬಂದೆ. ಅಷ್ಟು ಮನೆ ತಿರುಗಿ ಕಾಲು ಬಾತಿದ್ದವು, ಅದಕ್ಕಿಂತ ಹೆಚ್ಚು ಯೋಚನೆ ಮಾಡುವ ಶಕ್ತಿ ಉಳಿದಿರಲಿಲ್ಲ.

ಓದುಗರೆಲ್ಲ ವರ್ಷದೊಳಗೆ ಮದುವೆಯಾಗಿ ಓದು ಬಿಡುತ್ತಾರೆ ಎಂದು ಶೆಟ್ಟರಿಗೆ ಹೇಳುವಾಗ ನನಗೆ ಅಳು ಬರುವಂತಾಗಿತ್ತು. ಶೆಟ್ಟರಿಗೆ ಖುಷಿಯಾಯಿತು.

"ಹೊಸ ಹುಡುಗೀರು ವರ್ಷಾ ವರ್ಷಾ ಬರ್ತಾನೇ ಇರ್ತಾರಲ್ಲಮ್ಮ. ಅದೇ ಹಾಡು, ಅದೇ ಮೊಳೆ. ನಮಗೇನು ಕಷ್ಟ?"

ಮೊಳೆ ಎಂದರೆ ಅಚ್ಚುಮೊಳೆ, ಒಂದೊಂದು ಅಕ್ಷರಕ್ಕೂ ಸೀಸದಲ್ಲಿ ಎರಕ ಹೊಯ್ದ ತುಂಡು. ಹೆಣ್ಣು ನೋಡುವಾಗ ಹೇಳುವಂಥ ಹಾಡುಗಳನ್ನು ಆರಿಸಿ ಕೊಡಿ, ಸ್ವರ ಬೇಡ, ಸಾಹಿತ್ಯ ಸಾಕು, ಯುಗಾದಿಯ ಹೊತ್ತಿಗೆ ಮೊದಲ ಸಂಚಿಕೆ ತಂದುಬಿಡೋಣ ಎಂದರು. ನಾನು ಬಯಸಿದ ಪತ್ರಿಕೆ ಅದಾಗಿರಲಿಲ್ಲ. ಆದರೆ ಎರಡು ಬಾಗಿಲಲ್ಲಿ ಇಲ್ಲ ಅನ್ನಿಸಿಕೊಂಡವಳಿಗೆ ಮೂರನೆಯ ಬಾಗಿಲಲ್ಲಿ ಹೂಂ ಅಂದದ್ದೇ ಹಬ್ಬ. ಒಪ್ಪಿಕೊಂಡು ಬಂದೆ. ಪದ್ಮಾವತಮ್ಮನವರು ಅಪರೂಪಕ್ಕೆ ನಕ್ಕರು.

ಮರುದಿನ ತರಗತಿ ಮುಗಿದ ಮೇಲೆ ಮುನಿಲಕ್ಷ್ಮಿಯನ್ನು ನಿಲ್ಲಿಸಿಕೊಂಡು, ಅಚ್ಚಿಗೆ ಕೊಡುವ ಪ್ರತಿಯನ್ನು ಶುರು ಮಾಡು ಎಂದೆ. ಅವಳು ಕಾಗದ ತೆಗೆದುಕೊಂಡಳು, ಲೇಖನಿ ಅದ್ದಿದಳು, ಬರೆಯಲಿಲ್ಲ. ಏನಮ್ಮ ಎಂದು ಕೇಳಿದೆ.

"ಯುಗಾದಿಗೆ ಪುಸ್ತಕ ಬಂದ್ರೆ, ಅದೇ ತಿಂಗಳಲ್ಲಿ ನಾನು ಚನ್ನರಾಯಪಟ್ಟಣಕ್ಕೆ ಹೋಗ್ತೀನಿ ಅಮ್ಮಾವ್ರೇ," ಎಂದಳು. ಅಳಲಿಲ್ಲ. ಲೇಖನಿ ಕೆಳಗಿಟ್ಟು, "ಅತ್ತೆ ಮನೇಲಿ ಹಾಡೋಂಗಿಲ್ಲ," ಎಂದಳು.

ಆಗ ನನಗೆ ಅರ್ಥವಾಯಿತು. ಆ ಜಗಲಿಯ ಮೇಲೆ ಅಷ್ಟು ಜನರ ಎದುರು ಆಡಿದ ಮಾತನ್ನು ಮುನಿಶಾಮಪ್ಪ ಎಂದೂ ಮುರಿಯುವವರಲ್ಲ. ಪತ್ರಿಕೆ ಅಚ್ಚಾದ ತಿಂಗಳು ಮದುವೆ ಎಂದರೆ ಮದುವೆಯೇ. ಹಾಗೆಯೇ ಪತ್ರಿಕೆ ಅಚ್ಚಾಗದೆ ಮದುವೆ ಇಲ್ಲ ಎಂದರೆ ಇಲ್ಲವೇ ಇಲ್ಲ. ಬೇಸಿಗೆಯೆಲ್ಲ ಬಿಸಿಲಿನಲ್ಲಿ ತಿರುಗಿ ನಾನು ತಂದ ಕೆಲಸ ಈ ಹುಡುಗಿಯ ಕುತ್ತಿಗೆಗೆ ಬಂದಿತ್ತು. ಮನೆಗೆ ಹೋಗಿ ಅಡಿಗೆ ಮಾಡದೆ ಮಲಗಿದೆ. ನನ್ನ ಪತ್ರಿಕೆ ನನಗೆ ಬೇಕಾಗಿತ್ತು. ಅವಳೂ ಬೇಕಾಗಿತ್ತು. ಎರಡೂ ಸಿಗುವ ದಾರಿ ಎಷ್ಟು ಹುಡುಕಿದರೂ ಕಾಣಲಿಲ್ಲ.

ಶೆಟ್ಟರಿಗೆ ಕಾಗದ ಬರೆದೆ. ಸ್ವರವಿಲ್ಲದೆ ಪತ್ರಿಕೆ ತರುವುದು ಸಾಧ್ಯವಿಲ್ಲ, ಚುಕ್ಕಿಗಳ ಸಮೇತ ಸ್ವರಲಿಪಿ ಬೇಕೇ ಬೇಕು ಎಂದು ಹಟ ಹಿಡಿದೆ. ಇದು ಸುಳ್ಳಲ್ಲ, ಮೊದಲಿನಿಂದಲೂ ನನಗೆ ಬೇಕಾಗಿದ್ದದ್ದು ಅದೇ. ಆದರೆ ಚುಕ್ಕಿಯಿರುವ ಮೊಳೆಗಳು ಅವರ ಪ್ರೆಸ್ಸಿನಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು. ಹೊಸದಾಗಿ ಎರಕ ಹೊಯ್ಸಬೇಕು, ಎರಕದವನು ಮುಂದಿನ ತಿಂಗಳು ಎನ್ನುತ್ತಾನೆ. ಅವನು ಹಾಗೆಯೇ ಎಂದ. ಆ ಯುಗಾದಿ ಹೋಯಿತು. ನಡುವೆ ಸ್ವಾತಂತ್ರ್ಯ ಬಂತು, ನಾನು ಬಾವುಟದ ಹಾಡು ಕಲಿಸಿದೆ, ಚುಕ್ಕಿ ಮೊಳೆ ಬರಲಿಲ್ಲ.

ಮುನಿಶಾಮಪ್ಪ ಸಂತೆಗೆ ಬಂದಾಗಲೆಲ್ಲ ಶಾಲೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಪುಸ್ತಕ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಇನ್ನೂ ಆಗಿಲ್ಲ ಎಂದರೆ ಅದಕ್ಕೇನು ಕಾರಣ ಎಂದು ಕೇಳುತ್ತಿದ್ದರು, ನಾನು ಹೇಳಿದ್ದನ್ನು ಇನ್ನೊಂದು ಸಲ ಹೇಳಿಸಿಕೊಳ್ಳುತ್ತಿದ್ದರು. ಎರಕ ಎಂದರೇನು, ಚುಕ್ಕಿ ಎಲ್ಲಿ ಬರುತ್ತದೆ, ಎಲ್ಲ ಬೇಕು ಅವರಿಗೆ. ಈ ಮನುಷ್ಯ ನನ್ನನ್ನು ಬಿಡುವುದಿಲ್ಲ ಎಂದು ಸಂತೆಯ ದಿನ ಬೆಳಗ್ಗೆಯೇ ನನಗೆ ತಲೆನೋವು ಬರುತ್ತಿತ್ತು. ಅವರ ರುಮಾಲು ದೂರದಲ್ಲಿ ಕಂಡರೆ ಹೊಲಿಗೆ ಕೋಣೆಗೆ ನುಗ್ಗಿಬಿಡೋಣ ಅನ್ನಿಸುತ್ತಿತ್ತು.

ಮರುವರ್ಷ ಮೊಳೆಗಳು ನಿಜವಾಗಿಯೂ ಬಂದವು. ಶೆಟ್ಟರು ಪ್ರೂಫ್ ಕಳಿಸಿದರು, ಅಂದರೆ ಅಚ್ಚಿಗೆ ಮೊದಲು ತಪ್ಪು ತಿದ್ದಲು ತೆಗೆಯುವ ಪರೀಕ್ಷೆಯ ಹಾಳೆ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಒಂದು ಗಳಿಗೆ ಎಲ್ಲ ಮರೆತು ಹಾಡಿಕೊಂಡೆ. ಆಮೇಲೆ ಒಂದು ತಪ್ಪು ಕಂಡಿತು. ಸಾಲುಗಳು ಒತ್ತೊತ್ತಾಗಿದ್ದವು. ನಡುವೆ ಇರುವ ಚುಕ್ಕಿ ಮೇಲಿನ ಸಾಲಿನ ಕಾಲಿಗೆ ಸೇರಿದ್ದೋ, ಕೆಳಗಿನ ಸಾಲಿನ ತಲೆಗೆ ಸೇರಿದ್ದೋ ತಿಳಿಯುತ್ತಿರಲಿಲ್ಲ. ಸಾಲು ಸ್ವಲ್ಪ ಬಿಡಿಸಿ ಎಂದು ಅಂಚಿನಲ್ಲಿ ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು. ನಾನು ಪೂರ್ತಿ ಹೊಸದಾಗಿ ಜೋಡಿಸಬೇಕು ಎಂದು ಬರೆದು ವಾಪಸು ಕಳಿಸಿದೆ.

ಪದ್ಮಾವತಮ್ಮನವರು ಅಂದು ನನ್ನನ್ನು ಕರೆಸಿ, "ನಿಮಗೆ ಈ ಪತ್ರಿಕೆ ಬೇಕೋ ಬೇಡವೋ, ಅದೊಂದು ಹೇಳಿಬಿಡಿ," ಎಂದರು. ಬೇಕು ಎಂದರೂ ನಿಜ, ಬೇಡ ಎಂದರೂ ನಿಜ. ನನ್ನ ಕೆಲಸದಲ್ಲಿ ಚುರುಕಿಲ್ಲ ಎಂದು ಅವರು ಮೇಲಕ್ಕೆ ಬರೆದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ, ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಅಷ್ಟೇ.

ಈ ನಡುವೆ ಮುನಿಲಕ್ಷ್ಮಿ ಮಿಡ್ಲ್ ಸ್ಕೂಲ್ ಪರೀಕ್ಷೆ ಮುಗಿಸಿದಳು. ಪತ್ರಿಕೆಯ ಕೆಲಸ ಇನ್ನೂ ಇದೆಯಲ್ಲ ಎಂಬ ನೆಪದಲ್ಲಿ ಶಾಲೆಗೆ ಬರುತ್ತಲೇ ಇದ್ದಳು, ನನ್ನ ಹತ್ತಿರ ಸಂಗೀತದ ಪರೀಕ್ಷೆಗೆ ಓದಿಕೊಂಡಳು, ಚಿಕ್ಕ ಮಕ್ಕಳಿಗೆ ತಾನೇ ಮೊದಲ ಪಾಠವಾದ ಸರಳೆ ವರಸೆ ಹೇಳಿಕೊಡಲು ಶುರು ಮಾಡಿದಳು. ೧೯೪೯ರಲ್ಲಿ ಚನ್ನರಾಯಪಟ್ಟಣದ ಸೋದರತ್ತೆ ಕಾದು ಕಾದು ಬೇಸತ್ತು, ಹೊಸಕೋಟೆ ಕಡೆಯ ಒಂದು ಹುಡುಗಿಯನ್ನು ಮಗನಿಗೆ ತಂದುಕೊಂಡರು. ತಮ್ಮನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಪಾಪ, ಅವನೇನು ಮಾಡುತ್ತಾನೆ, ಆ ಮೇಷ್ಟ್ರಮ್ಮನಿಗೆ ಒಂದು ಕೆಲಸ ಮಾಡಿ ಮುಗಿಸಲು ಬರುವುದಿಲ್ಲ ಎಂದರಂತೆ. ಅದೇ ವರ್ಷ ಮುನಿಲಕ್ಷ್ಮಿಗೆ ಬೆಂಗಳೂರಿನ ಉಪಾಧ್ಯಾಯಿನಿಯರ ತರಬೇತಿ ಶಾಲೆಯಲ್ಲಿ ಜಾಗ ಸಿಕ್ಕಿತು.

ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ದಿನ ಮುನಿಶಾಮಪ್ಪ ನೇರವಾಗಿ ಶಾಲೆಗೆ ಬಂದರು. ಮಕ್ಕಳೆಲ್ಲ ಹೋಗಿದ್ದರು, ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಅವರು ಎದುರಿಗೆ ನಿಂತು ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು.

"ಇನ್ ನೀವು ಪುಸ್ತಕ ಅಚ್ಚಾಕಿಸ್ಬೋದು ಅಮ್ಮಾವ್ರೇ," ಎಂದರು.

ನಾನು ತಲೆಯೆತ್ತಿ ನೋಡಿದೆ. ಅವರು ನಗುತ್ತಿರಲಿಲ್ಲ. ಮೂರು ವರ್ಷ ಸಂತೆ ಸಂತೆಗೂ ಬಂದು, ಯಾಕೆ ಆಗಿಲ್ಲ ಎಂದು ವಿವರವಾಗಿ ಕೇಳಿಸಿಕೊಂಡು ಹೋಗುತ್ತಿದ್ದದ್ದು ಅಕ್ಕನಿಗೆ ಹೇಳಲು ಎಂದು ಆಗ ತಿಳಿಯಿತು. ಅಕ್ಕನಿಗೆ ಇಲ್ಲ ಎನ್ನಲಾರದ ಮನುಷ್ಯ, ಸುಳ್ಳು ಹೇಳಲಾರದ ಮನುಷ್ಯ. ಅಂದು ಆ ಜಗಲಿಯ ಮೇಲೆ ಪತ್ರಿಕೆಯ ಹೆಸರು ಎತ್ತಿದ್ದೇ ಮದುವೆಯನ್ನು ಮುಂದೆ ಹಾಕುವುದಕ್ಕಾಗಿ.

ನನ್ನ ಕಣ್ಣಲ್ಲಿ ನೀರು ಬಂತು. ಶೆಟ್ಟರು ಆಗಲೇ ಪಠ್ಯಪುಸ್ತಕಗಳ ಕಡೆ ತಿರುಗಿದ್ದರು, ಆ ಮೊಳೆಗಳನ್ನು ಕರಗಿಸಿದ್ದರು. ಇನ್ನು ಆಗುವುದಿಲ್ಲ, ನನಗೆ ಸಾಕಾಗಿದೆ ಎಂದೆ. ಅವರು ಎರಡು ಮೆಟ್ಟಿಲು ಕೆಳಗೆ ಕುಳಿತುಕೊಂಡರು.

"ನಂಗೂ ಸಾಕಾಗೋಗೈತೆ," ಎಂದರು.

ಆಮೇಲೆ ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸರ್ವಿಸ್ ಮಾಡಿದೆ. ಮಗಳನ್ನು ಶಾಲೆ ಬಿಡಿಸುವ ಮಾತು ಬಾಯಲ್ಲಿಟ್ಟುಕೊಂಡು ಬಂದ ತಂದೆಯರನ್ನು ಬೇಕಾದಷ್ಟು ನೋಡಿದೆ. ಅಂಥವರು ಬಂದಾಗಲೆಲ್ಲ ನಾನು ಮೊದಲು ಕುರ್ಚಿ ಕೊಟ್ಟು, ವಿಷಯ ಬಿಟ್ಟು, ನಿಮ್ಮ ಮನೆಯಲ್ಲಿ ಯಾರಿಗೆ ಏನು ಮಾತು ಕೊಟ್ಟಿದ್ದೀರಿ ಎಂದು ಕೇಳುತ್ತಿದ್ದೆ. ಅರ್ಧ ಜನ ಕುಳಿತ ಕೂಡಲೇ, ಯಾರಾದರೂ ಕೇಳಲಿ ಎಂದೇ ಕಾದಿದ್ದವರ ಹಾಗೆ, ಒಂದು ನೆಪ ಹುಡುಕಿಕೊಡಿ ಅಮ್ಮ ಎಂದು ಬೇಡಿಕೊಂಡರು.